ಹಿತ್ತಲ ಕಟ್ಟೆ: ಬಿಸಿಲು, ಬಾನಿ ನೀರು ಮತ್ತು ಕಾವು ಬಿಟ್ಟ ಕೋಳಿ

ಈ ತಿಂಗಳು ಬಂದ ಪತ್ರಗಳನ್ನೆಲ್ಲ ಹೊಂಗೆ ಮರದ ಕೆಳಗೆ ಕೂತು ಓದಿದೆ. ಮನೆಯೊಳಗೆ ಮಧ್ಯಾಹ್ನ ಶೀಟಿನ ಕಾವು, ಕೂರೋಕಾಗಲ್ಲ. ಪಕ್ಕದಲ್ಲೇ ಗೌರಿ ಮಲಗಿ ಮೆಲುಕು ಹಾಕುತ್ತಿದ್ದಳು. ಹೊಸದಾಗಿ ಓದುವವರಿಗೆ ಹೇಳಿಬಿಡುತ್ತೇನೆ: ನಮ್ಮದು ತಿಪಟೂರು ಕಡೆ ಎರಡೂವರೆ ಎಕರೆ. 70 ತೆಂಗಿನ ಮರ, ಎರಡು ಹಸು, ಆರು ಮೇಕೆ, ಇಪ್ಪತ್ತು ಚಿಲ್ಲರೆ ನಾಟಿ ಕೋಳಿ, ಐದು ಗುಂಟೆ ತರಕಾರಿ, ಒಂದು ಬೋರ್‌ವೆಲ್. ನಾನು ದನದ ಡಾಕ್ಟರೂ ಅಲ್ಲ, ಕೃಷಿ ಓದಿದವಳೂ ಅಲ್ಲ. ಮದುವೆಯಾಗಿ ಬಂದು ಈ ಮನೆಯಲ್ಲಿ 35 ಬೇಸಿಗೆ ಕಳೆದಿದ್ದೇನೆ, ಅಷ್ಟೇ.

ಪ್ರಶ್ನೆ: ಅಕ್ಕಾ, ನಮ್ಮ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ತಳಿ) ಹಸು ಶಿವರಾತ್ರಿವರೆಗೂ ಹೊತ್ತಿಗೆ 7 ಲೀಟರ್ ಕೊಡುತ್ತಿತ್ತು. ಈಗ 4ಕ್ಕೆ ಇಳಿದಿದೆ. ಮಧ್ಯಾಹ್ನ ನಾಲಿಗೆ ಹೊರಗೆ ಹಾಕಿ ತೇಕುತ್ತದೆ. ಡಾಕ್ಟರು ನೋಡಿ ಜ್ವರ ಇಲ್ಲ ಅಂದರು. ಫೀಡು ಜಾಸ್ತಿ ಮಾಡಿದೆ, ತಿನ್ನುತ್ತಲೇ ಇಲ್ಲ. ಕೊಟ್ಟಿಗೆಗೆ ತಗಡಿನ ಶೀಟು, ಸುತ್ತಲೂ ಒದ್ದೆ ಗೋಣಿಚೀಲ ನೇತುಹಾಕಿದ್ದೇನೆ. ಏನು ಮಾಡಲಿ?
— ಕಡೂರಿನಿಂದ ಒಬ್ಬ ಓದುಗರು

ಉತ್ತರ: ತಮ್ಮಾ, ಮೊದಲು ಒಂದು ಕೆಲಸ ಮಾಡಿ. ನಾಳೆ ಮಧ್ಯಾಹ್ನ ಎರಡು ಗಂಟೆಗೆ ಹಸು ಕುಡಿಯುವ ನೀರಿಗೆ ಕೈ ಅದ್ದಿ ನೋಡಿ.

ಯಾಕೆ ಅಂದರೆ, ನಾಲ್ಕು ವರ್ಷದ ಹಿಂದೆ ನಮ್ಮ ಗೌರಿಗೂ ಹೀಗೇ ಆಗಿತ್ತು. ಫೀಡು ಬದಲಾಯಿಸಿದೆ. ಹಿಂಡಿ ಬದಲಾಯಿಸಿದೆ. ನಮ್ಮತ್ತೆ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಏನೂ ಆಗಲಿಲ್ಲ. ಒಂದು ದಿನ ಸೊಪ್ಪು ಕೊಯ್ದು ಬಂದು ತೊಟ್ಟಿಯಲ್ಲಿ ಕೈ ತೊಳೆಯಲು ಹೋದೆ. ಕೈ ಚುರ್ ಅಂತು! ಸ್ನಾನಕ್ಕೆ ಕಾಯಿಸಿದ ಹಾಗಿತ್ತು ನೀರು. ನಮ್ಮ ಕಪ್ಪು ಟ್ಯಾಂಕು ತಾರಸಿಯ ಮೇಲಿದೆ, ಅಲ್ಲಿಂದ ಪೈಪು ಬಿಸಿಲಲ್ಲೇ ಮಲಗಿಕೊಂಡು ಕೊಟ್ಟಿಗೆಗೆ ಬರುತ್ತದೆ. ಗೌರಿ ಮೂಸಿ ನೋಡುವುದು, ಮುಖ ತಿರುಗಿಸುವುದು, ಅಷ್ಟೇ ಮಾಡುತ್ತಿದ್ದಳು. ನಾನು ಅದನ್ನು ಹೊಟ್ಟೆ ತುಂಬಿದೆ ಅಂದುಕೊಂಡಿದ್ದೆ.

ಮಾರನೇ ದಿನ ಬೆಳಿಗ್ಗೆ ಐದಕ್ಕೇ ನೀರು ಹಿಡಿದು, ಹಳೆಯ ಕಲಗಚ್ಚಿನ ಕಲ್ಲುಬಾನಿಯನ್ನು ಹೊಂಗೆ ನೆರಳಿಗೆ ಉರುಳಿಸಿ, ತುಂಬಿಸಿ, ಮೇಲೆ ಒದ್ದೆ ಗೋಣಿ ಮುಚ್ಚಿಟ್ಟೆ. ಮಧ್ಯಾಹ್ನ ಒಂದೇ ಸಲಕ್ಕೆ ಮೂರು ಬಕೆಟ್ ಕುಡಿದಳು. ನಾಲ್ಕು ದಿನದಲ್ಲಿ ಹೊತ್ತಿಗೆ ಒಂದು ಲೀಟರ್ ವಾಪಸ್ ಬಂತು. ಹಾಲು ಅಂದರೆ ನೂರಕ್ಕೆ 87 ಪಾಲು ನೀರೇ ಅಲ್ವಾ? ಕರೆಯುವ ಹಸುವಿಗೆ ಈ ಬಿಸಿಲಲ್ಲಿ ದಿನಕ್ಕೆ 80-100 ಲೀಟರ್ ಬೇಕು. ಕುಡಿಯದೆ ಎಲ್ಲಿಂದ ತರಬೇಕು ಪಾಪ.

ಆಮೇಲೆ ಕೊಟ್ಟಿಗೆ. ನಿಮ್ಮದು ತಗಡಿನ ಶೀಟು ಅಂತ ಬರೆದಿದ್ದೀರಿ. ಮೇಲೆ ತೆಂಗಿನ ಗರಿ ದಪ್ಪಗೆ ಹಾಸಿ ಹಗ್ಗ ಹಾಕಿ ಕಟ್ಟಿ. ಕಟ್ಟದಿದ್ದರೆ ಏಪ್ರಿಲ್ ಗಾಳಿಗೆ ಪಕ್ಕದ ಊರಿಗೆ ಹೋಗುತ್ತವೆ. ಗರಿ ಸಿಗದಿದ್ದರೆ ಶೀಟಿಗೆ ಗಟ್ಟಿಯಾಗಿ ಸುಣ್ಣ ಬಳಿಯಿರಿ. ಇನ್ನೊಂದು, ಸುತ್ತಲೂ ಒದ್ದೆ ಗೋಣಿಚೀಲ ನೇತುಹಾಕಿದ್ದೇನೆ ಅಂದಿದ್ದೀರಲ್ಲ, ನಾಲ್ಕೂ ಕಡೆ ಹಾಕಿದ್ದರೆ ಎರಡು ಕಡೆಯದನ್ನು ಇವತ್ತೇ ತೆಗೆಯಿರಿ. ಗಾಳಿ ಆಡದೆ ಬರೀ ತೇವ ತುಂಬಿದರೆ ಕೊಟ್ಟಿಗೆ ಇಡ್ಲಿ ಪಾತ್ರೆಯಾಗುತ್ತದೆ. ಮೈ ಮೇಲೆ ನೀರು ಎರಚಿ, ಅದು ಗಾಳಿಗೆ ಆರಬೇಕು. ಆಗಲೇ ತಂಪು. ಒಂದು ಹಳೆಯ ಫ್ಯಾನ್ ಇದ್ದರೆ ಹಾಕಿ.

ಫೀಡು ಜಾಸ್ತಿ ಮಾಡುವುದನ್ನು ನಿಲ್ಲಿಸಿ. ಮೇವು ತಿನ್ನದೆ ಬರೀ ಫೀಡು ತಿಂದರೆ ಹೊಟ್ಟೆ ಹುಳಿಯಾಗಿ ಹೊಸ ತೊಂದರೆ ಶುರುವಾಗುತ್ತೆ. ಒಣಹುಲ್ಲು ಅರಗುವಾಗ ಹೊಟ್ಟೆಯೊಳಗೇ ಬಿಸಿ ಹುಟ್ಟುತ್ತದೆ. ಅದಕ್ಕೇ ನಾನು ರಾಗಿಹುಲ್ಲನ್ನು ರಾತ್ರಿ ಎಂಟರ ಮೇಲೆ ಹಾಕುತ್ತೇನೆ. ಬೆಳಗಿನ ಜಾವ ಇನ್ನೊಂದಿಷ್ಟು. ಹಗಲು ಸ್ವಲ್ಪ ಹಸಿರು ಮೇವು ಮಾತ್ರ. ಡಾಕ್ಟರು ಹೇಳಿದ ಅಳತೆಯಲ್ಲಿ ಖನಿಜದ ಪುಡಿ, ಒಂದು ಹಿಡಿ ಉಪ್ಪು ತಪ್ಪಿಸಬೇಡಿ.

ಇಷ್ಟೆಲ್ಲ ಮಾಡಿದರೂ ಆ 7 ಲೀಟರ್ ಮಳೆ ಬೀಳುವವರೆಗೆ ಬರುವುದಿಲ್ಲ. ಫ್ಯಾಟ್ ಕೂಡ ಇಳಿಯುತ್ತೆ, ಡೈರಿ ಚೀಟಿ ನೋಡಿ ಬೇಜಾರಾಗಬೇಡಿ. ಎಚ್‌ಎಫ್ ಮೂಲದಲ್ಲಿ ಹಾಲೆಂಡ್ ಕಡೆಯ ದನ. 25 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ನಮ್ಮ ಇನ್ನೊಂದು ಹಸು ನಾಟಿಯದು. ಹೊತ್ತಿಗೆ ಒಂದೂವರೆ ಲೀಟರ್ ಕೊಡುತ್ತೆ, ಬಿಸಿಲಲ್ಲಿ ಕಲ್ಲಿನ ಬಸವನ ಹಾಗೆ ನಿಂತಿರುತ್ತೆ. ಎರಡೂ ಒಂದರಲ್ಲೇ ಸಿಗಲ್ಲ. ಹಸು ತೂರಾಡಿದರೆ, ಮೆಲುಕು ನಿಲ್ಲಿಸಿದರೆ ಮಾತ್ರ ಕಾಯಬೇಡಿ, 1962ಕ್ಕೆ ಫೋನ್ ಮಾಡಿ. ಪಶು ಸಂಜೀವಿನಿ ಗಾಡಿ ಬರುತ್ತದೆ.

ಪ್ರಶ್ನೆ: ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಜಮೀನಿಗೆ ಬಂದಿದ್ದೇನೆ ಅಕ್ಕಾ. ಈ ಬೇಸಿಗೆಗೆ 20 ಗುಂಟೆಯಲ್ಲಿ ಹತ್ತು ಬಗೆಯ ತರಕಾರಿ ಹಾಕುವ ಪ್ಲಾನ್ ಇದೆ. ಎರಡು ಹಸುವನ್ನೂ ತರಬೇಕು. ಬೋರ್‌ನಲ್ಲಿ ಎರಡು ಇಂಚು ನೀರಿದೆ ಅಂತ ಅಪ್ಪ ಹೇಳುತ್ತಾರೆ. ಸಾಕಾಗುತ್ತಾ?
— ಮಾಗಡಿಯಿಂದ ಒಬ್ಬ ಯುವಕ

ಉತ್ತರ: ಆ ಎರಡು ಇಂಚು (ಬೋರ್‌ನಿಂದ ನೀರು ಎಷ್ಟು ಜೋರಾಗಿ ಬರುತ್ತೆ ಅನ್ನೋ ಅಳತೆ) ಬೋರ್ ಕೊರೆಸಿದ ದಿನದ ಮಾತು. ಆ ದಿನ ಎಲ್ಲರ ಬೋರ್‌ನಲ್ಲೂ ಎರಡು ಇಂಚು ಇರುತ್ತೆ. ಸಿಹಿ ಹಂಚಿ ಫೋಟೋ ತೆಗೆಸಿಕೊಂಡಿರುತ್ತಾರೆ. ಏಪ್ರಿಲ್‌ನಲ್ಲಿ ಎಷ್ಟಿದೆ ಅನ್ನೋದು ಬೇರೆ.

ಅಳೆಯುವುದು ಸುಲಭ. 20 ಲೀಟರ್ ಬಕೆಟ್ ಒಂದು, ಕೈಗಡಿಯಾರ ಒಂದು. ಮೋಟಾರ್ ಹಾಕಿದ ತಕ್ಷಣ ಅಳೆಯಬೇಡಿ, ಆಗ ಜೋರಾಗಿ ಬರುತ್ತೆ. ಅರ್ಧ ಗಂಟೆ ಓಡಿದ ಮೇಲೆ ಬಕೆಟ್ ಹಿಡಿಯಿರಿ. ನಮ್ಮ ಬೋರ್‌ನಲ್ಲಿ ಜನವರಿಯಲ್ಲಿ 16 ಸೆಕೆಂಡಿಗೆ ತುಂಬುತ್ತಿತ್ತು. ಹೋದ ವಾರ ಅಳೆದೆ, 25 ಸೆಕೆಂಡು. ಅಂದರೆ ನಿಮಿಷಕ್ಕೆ 48 ಲೀಟರ್. ಮೂರು ಗಂಟೆ ಓಡಿದರೆ 8,640 ಲೀಟರ್. ತ್ರೀ ಫೇಸ್ ಕರೆಂಟು ಇನ್ನೂ ಜಾಸ್ತಿ ಹೊತ್ತು ಕೊಡುತ್ತಾರೆ, ಆದರೂ ನಾನು ಮೂರೇ ಗಂಟೆ ಲೆಕ್ಕ ಹಿಡಿಯುತ್ತೇನೆ. ಟ್ರಿಪ್ ಆಗುತ್ತೆ, ಫ್ಯೂಸ್ ಹೋಗುತ್ತೆ, ಬೋರ್ ಗಾಳಿ ಹೊಡೆಯುತ್ತೆ. ರಾತ್ರಿ ಪಾಳಿ ಬಂದ ವಾರ ನಮ್ಮ ಯಜಮಾನರು ಎರಡು ಗಂಟೆಗೆ ಎದ್ದು ಟಾರ್ಚ್ ಹಿಡಿದು ಹೋಗುತ್ತಾರೆ. ವಾಪಸ್ ಬಂದು ಮಲಗಿದರೆ ನಿದ್ದೆ ಬರಲ್ಲ, ನನ್ನನ್ನೂ ಎಬ್ಬಿಸಿ ಕಾಫಿ ಕೇಳುತ್ತಾರೆ. ಬೇಸಿಗೆಯ ಖರ್ಚಿನಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಈಗ ಆ 8,640 ಲೀಟರ್ ಎಲ್ಲಿಗೆ ಹೋಗುತ್ತೆ ನೋಡಿ. 70 ತೆಂಗಿಗೆ ಡ್ರಿಪ್‌ನಲ್ಲಿ ಮರಕ್ಕೆ 40 ಲೀಟರ್, ಅಲ್ಲಿಗೆ 2,800. ಮನೆ, ಹಸು, ಮೇಕೆ, ಕೋಳಿ ಎಲ್ಲ ಸೇರಿ 500. ಒಂದು ಗುಂಟೆ ತರಕಾರಿಗೆ ಈ ಬಿಸಿಲಲ್ಲಿ ದಿನಕ್ಕೆ ಹೆಚ್ಚುಕಮ್ಮಿ 500 ಲೀಟರ್ ಬೇಕು. ನೆಲದ ಮೇಲೆ ಅರ್ಧ ಸೆಂಟಿಮೀಟರ್ ನೀರು ನಿಲ್ಲಿಸಿದರೆ ಎಷ್ಟೋ ಅಷ್ಟು. ಐದು ಗುಂಟೆಗೆ 2,500. ನಾಲ್ಕು ಗುಂಟೆ ನೇಪಿಯರ್ ಹುಲ್ಲಿಗೆ 2,000. ಒಟ್ಟು 7,800. ಉಳಿದ ಎಂಟು ನೂರು ಚಿಲ್ಲರೆ ಕರೆಂಟು ಕೈಕೊಡುವ ದಿನಕ್ಕೆ ಟ್ಯಾಂಕಿನಲ್ಲಿರುತ್ತೆ.

ನಿಮ್ಮ 20 ಗುಂಟೆ ತರಕಾರಿಗೆ ಮಾತ್ರ 10,000 ಲೀಟರ್ ಬೇಕು. ಅಳೆದು ನೋಡಿ, ಆಮೇಲೆ ಪ್ಲಾನ್ ಮಾಡಿ.

ನಾನೂ ಬುದ್ಧಿ ಕಲಿತದ್ದು ಕಳೆದುಕೊಂಡೇ. ಒಂದು ವರ್ಷ ರೇಟಿನ ಆಸೆಗೆ ಬೇಸಿಗೆಯಲ್ಲಿ 12 ಗುಂಟೆ ಟೊಮೆಟೊ ನೆಟ್ಟೆವು. 35 ಡಿಗ್ರಿ ದಾಟಿದ ಮೇಲೆ ಹೂವೆಲ್ಲ ಉದುರಿ ಬಿತ್ತು. ಗಿಡ ಹಸಿರಾಗಿತ್ತು, ಕಾಯಿ ಇಲ್ಲ. ಅದಕ್ಕೆ ನೀರು ಕೊಡಲು ಹೋಗಿ ತೆಂಗಿಗೆ ಕಡಿಮೆ ಮಾಡಿದ್ದೆವು. ಆ ವರ್ಷ ತೆಂಗು ಏನೂ ಅನ್ನಲಿಲ್ಲ. ಮರುವರ್ಷ, ಅದರ ಮರುವರ್ಷ ಕಾಯಿ ಇಳಿಸುವಾಗ ಗೊತ್ತಾಯಿತು. ತೆಂಗು ಸೇಡು ಇಟ್ಟುಕೊಳ್ಳುವ ಮರ.

ಅದಕ್ಕೇ ಫೆಬ್ರವರಿ ಮುಗಿಯುವಷ್ಟರಲ್ಲಿ ನಾನು ಬೀನ್ಸು, ಕೋಸು, ಕ್ಯಾರೆಟ್ಟು ಎಲ್ಲ ಮುಚ್ಚಿಬಿಡುತ್ತೇನೆ. ಬೆಂಡೆ, ಗೋರಿಕಾಯಿ, ಅಲಸಂದೆ, ದಂಟಿನ ಸೊಪ್ಪು ಇರುತ್ತೆ. ಹಳೆಯ ಬದನೆ ಗಿಡವನ್ನು ಮೊಣಕಾಲೆತ್ತರಕ್ಕೆ ಸವರಿ ಬಿಟ್ಟರೆ ಮತ್ತೆ ಚಿಗುರಿ ಕಾಯಿ ಬಿಡುತ್ತೆ. ಸಾಲುಗಳ ಮೇಲೆ ಒಣ ತರಗು, ತೆಂಗಿನ ಮಟ್ಟೆ ಹೊದಿಸಿ. ಹೊದಿಕೆ ಎತ್ತಿ ಮಣ್ಣಿಗೆ ಬೆರಳು ಚುಚ್ಚಿ ನೋಡಿ, ತಂಪಿದ್ದರೆ ಆ ದಿನ ನೀರು ಬೇಡ.

ಹಸು ಮಾತ್ರ ಈಗ ಬೇಡ. ಮಳೆ ಹಿಡಿದು ಹುಲ್ಲಾದ ಮೇಲೆ ತನ್ನಿ. ಬೇಸಿಗೆ ಸಂತೆಯಲ್ಲಿ ಹಸು ಅಗ್ಗಕ್ಕೆ ಸಿಗುತ್ತೆ. ಯಾಕೆ ಮಾರುತ್ತಿದ್ದಾರೆ ಅಂತ ಒಂದು ನಿಮಿಷ ಯೋಚಿಸಿ.

ಪ್ರಶ್ನೆ: ಸೌತೆಕಾಯಿ ಚೆನ್ನಾಗಿ ಬಿಟ್ಟಿದೆ, ಆದರೆ ಎಲ್ಲಾ ಕಹಿ. ತುದಿ ಕುಯ್ದು ತಿಕ್ಕಿ ನೊರೆ ತೆಗೆದರೆ ಹೋಗುತ್ತೆ ಅಂತಾರೆ ಅತ್ತೆ. ಹೋಗುತ್ತಿಲ್ಲ.
— ಹೊಸದುರ್ಗದ ಓದುಗರು

ಉತ್ತರ: ನಾನೂ ತಿಕ್ಕುತ್ತೇನೆ, ಕೈ ಸುಮ್ನೆ ಇರಲ್ಲ. ಆದರೆ ಕಹಿ ನೊರೆಯಲ್ಲಿ ಹೋಗುವುದಕ್ಕಿಂತ, ತೊಟ್ಟಿನ ಕಡೆಯ ತುಂಡು ಕುಯ್ದು ಬಿಸಾಡುತ್ತೀರಲ್ಲ, ಅದರಲ್ಲಿ ಹೋಗುವುದೇ ಜಾಸ್ತಿ. ತೊಟ್ಟಿನ ಹತ್ತಿರ ಮತ್ತು ಸಿಪ್ಪೆಯ ಕೆಳಗೆ ಕಹಿ ಹೆಚ್ಚು. ಒಂದು ದಿನ ತುಂಬಾ ನೀರು, ಮೂರು ದಿನ ಒಣಗು, ಹೀಗಾದರೆ ಬಳ್ಳಿ ಕಹಿ ಕಾಯಿ ಬಿಡುತ್ತೆ. ಸ್ವಲ್ಪವೇ ಆದರೂ ದಿನಾ ಸಂಜೆ ಕೊಡಿ, ಬುಡಕ್ಕೆ ತರಗು ಹಾಕಿ. ಮುಂದಿನ ಕಾಯಿಗಳು ಸುಧಾರಿಸಬಹುದು. ಕಹಿ ಬಳ್ಳಿಯಿಂದ ಬೀಜಕ್ಕೆ ಕಾಯಿ ಬಿಡಬೇಡಿ.

ಸೌತೆಯ ಮಾತು ಬಂತು ಅಂತ ಸೋರೆಕಾಯಿ ಬಗ್ಗೆ ಒಂದು ಮಾತು. ಸೋರೆಯನ್ನು ಕುಯ್ದ ತಕ್ಷಣ ಒಂದು ಚೂರು ನಾಲಿಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು ಇಡೀ ಕಾಯಿ ಬಿಸಾಕಿ. ಬೇಯಿಸಿದರೂ ಆ ಕಹಿ ಹೋಗಲ್ಲ. ಆರೋಗ್ಯಕ್ಕೆ ಒಳ್ಳೇದು ಅಂತ ಕಹಿ ಸೋರೆ ರಸ ಕುಡಿದು ನಮ್ಮ ದೇಶದಲ್ಲಿ ಜನ ಸತ್ತಿದ್ದಾರೆ.

ಪ್ರಶ್ನೆ: ಮೇವು ಮುಗಿದಿದೆ. ಹೊಲದಲ್ಲಿ ಜೋಳ ಮೊಣಕಾಲುದ್ದಕ್ಕೇ ಒಣಗಿ ನಿಂತಿತ್ತು. ಮೊನ್ನೆ ಒಂದು ಹದ ಮಳೆ ಬಂದು ಬುಡದಲ್ಲಿ ಹಸಿರಾಗಿ ಚಿಗುರಿದೆ. ದನ ಬಿಡಬಹುದಾ?
— ಹಿರಿಯೂರಿನಿಂದ

ಉತ್ತರ: ಬಿಡಬೇಡಿ. ಇದನ್ನು ಓದುವ ಹೊತ್ತಿಗೆ ಬಿಟ್ಟಿದ್ದರೆ ಓಡಿ ಹೋಗಿ ಹೊಡೆದುಕೊಂಡು ಬನ್ನಿ.

ಒಣಗಿ ಮತ್ತೆ ಚಿಗುರಿದ ಎಳೆ ಜೋಳದಲ್ಲಿ ಸಯನೈಡ್ ವಿಷ ಆಗುವ ಅಂಶ ತುಂಬಾ ಇರುತ್ತೆ. ನಮ್ಮ ಪಕ್ಕದೂರಿನಲ್ಲಿ ಒಂದು ಜೋಡಿ ಎತ್ತು ಹೀಗೇ ಹೋದವು. ಹಗ್ಗ ಬಿಚ್ಚಿಕೊಂಡು ಹೋಗಿ ಮೇಯ್ದದ್ದು ಕಾಲು ಗಂಟೆಯೂ ಇಲ್ಲ. ಏದುಸಿರು, ನಡುಕ, ಬಿದ್ದವು. ಬೇಗ ಸಿಕ್ಕಿದರೆ ಡಾಕ್ಟರ ಹತ್ತಿರ ಸೋಡಿಯಂ ಥಯೋಸಲ್ಫೇಟ್ ಅನ್ನೋ ಇಂಜೆಕ್ಷನ್ ಇದೆ. ಆದರೆ ಬೇಗ ಅಂದರೆ ನಿಮಿಷದ ಲೆಕ್ಕ. ಊರಿಂದ ಊರಿಗೆ ಗಾಡಿ ಬರುವಷ್ಟು ಹೊತ್ತು ದನ ಕಾಯುವುದಿಲ್ಲ.

ಜೋಳವನ್ನು ಹೂ ಬಿಟ್ಟ ಮೇಲೆ ಕೊಯ್ದು, ಚೆನ್ನಾಗಿ ಒಣಗಿಸಿ ಹಾಕಿದರೆ ಭಯವಿಲ್ಲ. ಅಲ್ಲಿಯವರೆಗೆ ಅಗಸೆ, ಹಾಲುವಾಣ, ಆಲದ ಸೊಪ್ಪು, ಸಿಕ್ಕಷ್ಟು ಒಣಹುಲ್ಲು. ಸಾಲ ಮಾಡಿಯಾದರೂ ಒಂದು ಹೊರೆ ಹುಲ್ಲು ತನ್ನಿ. ದನಕ್ಕಿಂತ ಹುಲ್ಲು ಅಗ್ಗ.

ಪ್ರಶ್ನೆ: ಅಕ್ಕಾ, ನಾಟಿ ಕೋಳಿಯನ್ನು 16 ಮೊಟ್ಟೆ ಇಟ್ಟು ಕಾವಿಗೆ ಕೂರಿಸಿದ್ದೆ. ಮೂರೇ ಮರಿ ಆದವು. ಹೋದ ಸಲ ಕಾರ್ತಿಕದಲ್ಲಿ 11 ಆಗಿದ್ದವು. ಗುಡುಗಿಗೆ ಮೊಟ್ಟೆ ಕೆಟ್ಟವು ಅಂತಾರೆ ಇಲ್ಲಿ.
— ಚನ್ನರಾಯಪಟ್ಟಣದ ಓದುಗರು

ಉತ್ತರ: ನಮ್ಮತ್ತೆಯೂ ಗುಡುಗಿಗೆ ಅಂತ ಮೊಟ್ಟೆ ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು ಇಡುತ್ತಿದ್ದರು. ಇಡಿ, ನಷ್ಟವೇನಿಲ್ಲ. ಆದರೆ ಕೆಡಿಸಿದ್ದು ಗುಡುಗಲ್ಲ, ಸೆಖೆ.

16 ಮೊಟ್ಟೆ ಕೂಡಿಡಲು ನಿಮಗೆ ಮೂರು ವಾರ ಹಿಡಿದಿರಬೇಕು. ಕೋಳಿ ದಿನಾ ಇಡಲ್ಲವಲ್ಲ. ಅಷ್ಟು ದಿನ ಮೊಟ್ಟೆ ಎಲ್ಲಿತ್ತು? ಅಟ್ಟದ ಮೇಲೋ ಅಡುಗೆ ಮನೆ ಬುಟ್ಟಿಯಲ್ಲೋ ಇದ್ದರೆ, ಈ ಸೆಖೆಗೆ ಕೋಳಿ ಕೂರುವ ಮೊದಲೇ ಒಳಗೆ ಜೀವ ಅರೆಬರೆ ಶುರುವಾಗಿ ಅಲ್ಲೇ ಸಾಯುತ್ತೆ. ಕಾರ್ತಿಕದ ಚಳಿಯಲ್ಲಿ ಆ ತೊಂದರೆ ಇರಲಿಲ್ಲ.

ಒಂದು ಮಡಕೆಗೆ ಮರಳು ಹಾಕಿ, ಹೊರಗಡೆ ಒದ್ದೆ ಬಟ್ಟೆ ಸುತ್ತಿ, ಕತ್ತಲ ಮೂಲೆಯಲ್ಲಿಡಿ. ಮೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ ತಾರೀಖು ಬರೆಯಿರಿ. ಒಂದು ವಾರ ದಾಟಿದ್ದನ್ನು ಆಮ್ಲೆಟ್ ಮಾಡಿ. ಹೊಸದು ಎಂಟೋ ಹತ್ತೋ ಇಟ್ಟು ಕೂರಿಸಿ. ಏಳನೇ ದಿನ ರಾತ್ರಿ ಟಾರ್ಚ್ ಹಿಡಿದು ನೋಡಿ. ಒಳಗೆ ಜೇಡರ ಬಲೆಯ ಹಾಗೆ ಕೆಂಪು ನರ ಕಂಡರೆ ಜೀವ ಇದೆ, ಬರೀ ಬೆಳಕು ಹಾದರೆ ತೆಗೆದುಬಿಡಿ. 21 ದಿನ ಅವಳ ಮುಂದೆಯೇ ನೀರಿರಲಿ. ಬುಟ್ಟಿ ಬಿಟ್ಟು ಎದ್ದು ಓಡಾಡುತ್ತಿದ್ದರೆ ರೆಕ್ಕೆಯ ಕೆಳಗೆ ಹೇನು ನೋಡಿ. ನಮ್ಮ ಕರಿಕೋಳಿ ಹೋದ ವರ್ಷ ಕಾವು ಬಿಟ್ಟದ್ದು ಹೇನಿಗೇ. ಬುಟ್ಟಿ ಸುಟ್ಟು, ಹೊಸದಕ್ಕೆ ಬೂದಿ, ಬೇವಿನ ಸೊಪ್ಪು ಹಾಕಿದ ಮೇಲೆ ಕೂತಳು. ಹುಟ್ಟಿದ ಮರಿಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಮೊದಲ ವಾರವೇ ಹಾಕಿಸಿ. ಮರೆತರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ.

ಪ್ರಶ್ನೆ: ರಜೆಗೆ ಮೊಮ್ಮಕ್ಕಳು ಬರುತ್ತಾರೆ. ಪೇಟೆ ಮಕ್ಕಳು. ತೋಟದಲ್ಲಿ ಬಿಟ್ಟರೆ ಹಾವಿನ ಭಯ. ಏನು ಎಚ್ಚರಿಕೆ ಬೇಕು?
— ಅರಸೀಕೆರೆಯಿಂದ ಒಬ್ಬ ಅಜ್ಜಿ

ಉತ್ತರ: ಅಮ್ಮಾ, ಹಾವಿಗಿಂತ ಮೊದಲು ಕೃಷಿ ಹೊಂಡ ನೋಡಿ. ನಿಮ್ಮದೋ ಪಕ್ಕದವರದೋ ಪ್ಲಾಸ್ಟಿಕ್ ಹಾಸಿದ ಹೊಂಡ ಇದ್ದರೆ ಅದಕ್ಕೇ ಹೆಚ್ಚು ಹೆದರಬೇಕು. ಪಕ್ಕದ ತೋಟದ ಹೊಂಡಕ್ಕೆ ನಮ್ಮ ನಾಯಿ ಬಿದ್ದಿತ್ತು. ಚೆನ್ನಾಗಿ ಈಜುವ ನಾಯಿ. ಆದರೆ ದಡಕ್ಕೆ ಬಂದು ಕಾಲಿಟ್ಟರೆ ಜಾರುವುದು, ಮತ್ತೆ ಈಜುವುದು, ಮತ್ತೆ ಜಾರುವುದು. ಯಜಮಾನರು ಹಗ್ಗ ಎಸೆದು ಎಳೆದರು. ಈಜು ಬರುವ ದೊಡ್ಡವರೂ ಅಲ್ಲಿಂದ ಹತ್ತಲಾರರು. ಸುತ್ತ ಬೇಲಿ ಬೇಕೇ ಬೇಕು. ಜೊತೆಗೆ ದಪ್ಪ ಹಗ್ಗಕ್ಕೆ ಹಳೆಯ ಟೈರು ಕಟ್ಟಿ, ಇನ್ನೊಂದು ತುದಿಯನ್ನು ಗೂಟಕ್ಕೆ ಬಿಗಿದು, ನಾಲ್ಕೂ ಕಡೆ ನೀರಿಗೆ ಇಳಿಬಿಡಿ. ನೀವು ಹೇಳಿದರೆ ಪಕ್ಕದವರೂ ಹಾಕುತ್ತಾರೆ. ನಮ್ಮ ಪಕ್ಕದವರು ನಾಯಿ ಬಿದ್ದ ಮೇಲೆ ಹಾಕಿದರು.

ಹಾವು ಬೇಸಿಗೆಯಲ್ಲಿ ತಂಪು ಹುಡುಕಿ ಬಾನಿ ಬುಡಕ್ಕೆ, ಹುಲ್ಲಿನ ಮೆದೆಗೆ, ಮಟ್ಟೆ ರಾಶಿಗೆ ಬರುತ್ತೆ. ಅಲ್ಲಿ ಮಕ್ಕಳು ಕೈ ಹಾಕಬಾರದು, ರಾತ್ರಿ ಚಪ್ಪಲಿ ಮತ್ತು ಟಾರ್ಚ್ ಇಲ್ಲದೆ ಅಂಗಳಕ್ಕೆ ಇಳಿಯಬಾರದು. ಕಚ್ಚಿಬಿಟ್ಟರೆ ಕುಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕೈಕಾಲು ಆಡಿಸದೆ ಗಾಡಿಯಲ್ಲಿ ಕೂರಿಸಿ ನೇರ ತಾಲೂಕು ಆಸ್ಪತ್ರೆ. ಹಾವನ್ನು ಹುಡುಕಿ ಹೊಡೆಯುತ್ತಾ ಹೊತ್ತು ಕಳೆಯಬೇಡಿ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ ಔಷಧಿ.

ಇಷ್ಟು ಹೇಳಿ ಮಕ್ಕಳನ್ನು ಬಿಟ್ಟುಬಿಡಿ. ಮೇಕೆ ಮರಿ ಹಿಂದೆ ಓಡಲಿ.

ಪ್ರಶ್ನೆ: ಹೋದ ವರ್ಷ ನೀವು ಬಾಳಕದ ಮೆಣಸಿನಕಾಯಿ ಬಗ್ಗೆ ಬರೆದಿದ್ದ ಪುಟ ಕಳೆದುಹೋಯಿತು. ಇನ್ನೊಂದು ಸಲ ಹೇಳ್ತೀರಾ?
— ತುರುವೇಕೆರೆಯ ಓದುಗರು

ಉತ್ತರ: ಹೇಳ್ತೀನಿ. ಬಲಿತ ಹಸಿ ಮೆಣಸಿನಕಾಯಿ ಒಂದು ಕೆಜಿ. ತೊಟ್ಟು ಇರಲಿ, ಹೊಟ್ಟೆ ಮಾತ್ರ ಸೀಳಿ. ಹುಳಿ ಮೊಸರಿಗೆ ಎರಡು ಹಿಡಿ ಕಲ್ಲುಪ್ಪು, ಚೂರು ಇಂಗು, ಮೆಂತ್ಯದ ಪುಡಿ ಕಲಸಿ ಅದರಲ್ಲಿ ರಾತ್ರಿಯಿಡೀ ಮುಳುಗಿಸಿ. ಬೆಳಿಗ್ಗೆ ತೆಗೆದು ಬಿಸಿಲಿಗೆ, ಸಂಜೆ ಮತ್ತೆ ಅದೇ ಮೊಸರಿಗೆ. ಮೊಸರೆಲ್ಲ ಕಾಯಿಯೊಳಗೆ ಹೋಗುವವರೆಗೆ, ಮೂರು ನಾಲ್ಕು ದಿನ. ಆಮೇಲೆ ಮುರಿದರೆ ಕಟ್ ಅನ್ನುವವರೆಗೆ ಒಣಗಿಸಿ ಡಬ್ಬಕ್ಕೆ ತುಂಬಿ.

ಒಣಗುವಾಗ ಕೋಳಿ ಕಾಯಬೇಕು. ಖಾರ ಅಂತ ಬಿಟ್ಟುಬಿಡುತ್ತವೆ ಅಂದುಕೊಂಡು ನಾನು ಒಂದು ಸಲ ಸುಮ್ಮನೆ ಒಳಗೆ ಹೋಗಿದ್ದೆ. ಹಕ್ಕಿಗಳ ನಾಲಿಗೆಗೆ ಮೆಣಸಿನ ಖಾರ ಗೊತ್ತೇ ಆಗಲ್ಲವಂತೆ. ಬರುವಷ್ಟರಲ್ಲಿ ಅರ್ಧ ಚಾಪೆ ಖಾಲಿ.